ಮುಂದಿನ ವಾರ ಚಂದನದಲ್ಲಿ ಸಾಕ್ಷ್ಯಚಿತ್ರ: ಅದರ ಹಿಂದಿನ ಒಂದು ವರ್ಷ

ಅಘನಾಶಿನಿ ನದಿ ದಂಡೆಯ, ಉಪ್ಪುನೀರು ತಾಳುವ ಕಗ್ಗ ಭತ್ತದ ಮೇಲೋ ಸಾಣಿಕಟ್ಟಾದ ಉಪ್ಪಿನಾಗರದ ಮೇಲೋ ಅರ್ಧ ಗಂಟೆಯ ಸಾಕ್ಷ್ಯಚಿತ್ರವೊಂದು ದೂರದರ್ಶನ ಚಂದನದಲ್ಲಿ ಬರಲಿದೆ ಎಂಬ ಸುದ್ದಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡತೊಡಗಿದರೆ ಊರಿನವರು ಕೇಳುವುದು ಎರಡೇ ಪ್ರಶ್ನೆ. ನಮ್ಮನೆ ಟಿವಿಯಲ್ಲಿ ಅದು ಕಾಣುತ್ತದೋ ಇಲ್ಲವೋ? ಕಳೆದ ವರ್ಷ ಶೂಟಿಂಗ್ ಮಾಡಿಕೊಂಡು ಹೋದವರು ಇಷ್ಟು ದಿನ ಏನು ಮಾಡುತ್ತಿದ್ದರು? ಮೊದಲನೆಯದಕ್ಕೆ ಉತ್ತರ ಮಾಡಿನ ಪಕ್ಕದ ಡಿಶ್ಶಿನಲ್ಲಿದೆ. ಎರಡನೆಯದರ ಉತ್ತರ ಒಂದು ದಪ್ಪ ಫೈಲು, ಎಡಿಟಿಂಗ್ ಟೇಬಲ್ಲು ಮತ್ತು ಉತ್ತರ ಕನ್ನಡ ಜಿಲ್ಲೆಯ ಮಳೆಗಾಲ, ಈ ಮೂರರ ನಡುವೆ ಹಂಚಿಹೋಗಿದೆ. ಟಿವಿ ಪರದೆಯಿಂದ ಹಿಂದಕ್ಕೆ, ಗದ್ದೆಯ ಕಡೆ ನಡೆಯುತ್ತ ಹೋದರೆ ಎರಡೂ ಬಿಡಿಸಿಕೊಳ್ಳುತ್ತವೆ.

ಮೊದಲು ಕಾಣಬೇಕಲ್ಲ

ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. ಆಮೇಲೆ ಬಹಳ ವರ್ಷ ಮಾಡಿನ ಮೇಲೆ ಅಲ್ಯೂಮಿನಿಯಂ ಆ್ಯಂಟೆನಾ ಕಟ್ಟಿ, ಹತ್ತಿರದ ಮರುಪ್ರಸಾರ ಗೋಪುರದ ಕಡೆ ತಿರುಗಿಸಿಕೊಂಡು ನೋಡುವುದೇ ರೂಢಿಯಾಗಿತ್ತು. 2022ರ ಹೊತ್ತಿಗೆ ಆ ಹಳೆಯ ಅನಲಾಗ್ ಗೋಪುರಗಳನ್ನು ದೇಶದ ಬಹುತೇಕ ಕಡೆ ನಿಲ್ಲಿಸಲಾಯಿತು. ಅಟ್ಟದಲ್ಲಿರುವ ಆ್ಯಂಟೆನಾ ಇಳಿಸಿ ಮತ್ತೆ ಕಟ್ಟಿದರೆ ಪ್ರಯೋಜನವಿಲ್ಲ. ಈಗ ಇರುವುದು ಕೇಬಲ್, ಖಾಸಗಿ ಡಿಟಿಎಚ್, ದೂರದರ್ಶನದ್ದೇ ಉಚಿತ ಡಿಟಿಎಚ್ ಆದ ಡಿಡಿ ಫ್ರೀ ಡಿಶ್ ಮತ್ತು ಮೊಬೈಲ್. ಕೇಬಲ್‌ನವರು ದೂರದರ್ಶನದ ಅಧಿಸೂಚಿತ ಚಾನೆಲ್‌ಗಳನ್ನು ಕೊಡಲೇಬೇಕೆಂದು 1995ರ ಕೇಬಲ್ ಟಿವಿ ಕಾಯ್ದೆಯ 8ನೇ ಕಲಮು ಹೇಳುತ್ತದೆ. ಚಂದನ ಕಾಣದಿದ್ದರೆ ‘ಆ ಪ್ಯಾಕ್‌ನಲ್ಲಿ ಇಲ್ಲ’ ಎಂಬ ಉತ್ತರವನ್ನು ಒಪ್ಪಿಕೊಳ್ಳುವ ಮೊದಲು ಈ ಕಲಮನ್ನು ನೆನಪಿಸಿ. ಮೊಬೈಲ್‌ಗೆ ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ ‘ವೇವ್ಸ್’ ಎಂಬ ಆ್ಯಪ್ ತಂದಿದೆ. ಆದರೆ ನೆಟ್‌ವರ್ಕಿಗಾಗಿ ಗುಡ್ಡ ಹತ್ತಬೇಕಾದ ಜೋಯಿಡಾದ ಮಜಿರೆಗಳಲ್ಲಿ, ಸಿದ್ದಾಪುರದ ಘಟ್ಟದ ಅಂಚಿನ ಮನೆಗಳಲ್ಲಿ ಭರವಸೆ ಇಡಬಹುದಾದದ್ದು ಫ್ರೀ ಡಿಶ್ ಒಂದೇ. ಒಂದು ಸಲದ ಖರ್ಚು, ತಿಂಗಳ ಬಾಡಿಗೆ ಇಲ್ಲ, ರೀಚಾರ್ಜ್ ಇಲ್ಲ. ಯಾರಾದರೂ ಫ್ರೀ ಡಿಶ್‌ಗೆ ರೀಚಾರ್ಜ್ ಮಾಡಿಕೊಡುತ್ತೇವೆಂದು ಬಂದರೆ ಬಾಗಿಲಿನಿಂದಲೇ ಕಳಿಸಿ.

ಫ್ರೀ ಡಿಶ್‌ನ ಸಿಗ್ನಲ್ ಬರುವುದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ. ಲೆಕ್ಕ ಹಾಕಿದರೆ ಕಾರವಾರದಿಂದ ಅದರ ದಿಕ್ಕು ಉತ್ತರದಿಂದ ಬಲಕ್ಕೆ ಸುಮಾರು 126 ಡಿಗ್ರಿ, ಅಂದರೆ ಆಗ್ನೇಯಕ್ಕೆ. ನೆಲಮಟ್ಟದಿಂದ ಎತ್ತರ ಸುಮಾರು 62 ಡಿಗ್ರಿ. ಶಿರಸಿಯಲ್ಲಿ ದಿಕ್ಕು 127ರ ಹತ್ತಿರ, ಎತ್ತರ ಹೆಚ್ಚುಕಡಿಮೆ ಅಷ್ಟೇ. ಮೊಬೈಲ್‌ನ ದಿಕ್ಸೂಚಿ ಸಾಕು, ಆದರೆ ಕಬ್ಬಿಣದ ಕಂಬ, ತಗಡಿನ ಶೀಟುಗಳಿಂದ ನಾಲ್ಕು ಹೆಜ್ಜೆ ಈಚೆ ನಿಂತು ನೋಡಬೇಕು.

ಇಲ್ಲಿ ಹೊಸಬರು ಎಡವುವುದು ಡಿಶ್ಶಿನ ಆಕಾರದಿಂದ. ಮನೆಗಳಿಗೆ ಹಾಕುವ 60 ಸೆಂ.ಮೀ. ಡಿಶ್ ಆಫ್‌ಸೆಟ್ ಮಾದರಿಯದು. ಎಲ್‌ಎನ್‌ಬಿ (ಸಿಗ್ನಲ್ ಹಿಡಿಯುವ ಪುಟ್ಟ ತಲೆ) ಅದರ ನಟ್ಟನಡುವೆ ಇರದೆ ಕೆಳಗಡೆಯಿಂದ ಓರೆಯಾಗಿ ನೋಡುತ್ತದೆ. ಹೀಗಾಗಿ ಡಿಶ್ಶಿನ ಮುಖ 62 ಡಿಗ್ರಿಗಿಂತ ಇಪ್ಪತ್ತು, ಇಪ್ಪತ್ತೈದು ಡಿಗ್ರಿ ಕೆಳಗೇ ಇರುತ್ತದೆ. ಕಣ್ಣಂದಾಜಿನಲ್ಲಿ ಡಿಶ್ಶನ್ನೇ ಆಕಾಶಕ್ಕೆ ಎತ್ತಿಬಿಟ್ಟರೆ ಸಿಗ್ನಲ್ ಸಿಗುವುದಿಲ್ಲ. ಹಿಂದಿನ ಬ್ರಾಕೆಟ್ಟಿನಲ್ಲಿ ಕೊರೆದಿರುವ ಡಿಗ್ರಿ ಗುರುತನ್ನು 62ಕ್ಕೆ ತಂದು, ಕಂಬವನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿ, ಆಮೇಲೆ ಅಕ್ಕಪಕ್ಕ ನಿಧಾನವಾಗಿ ತಿರುಗಿಸಬೇಕು. ಕಂಬ ವಾಲಿದ್ದರೆ ಬ್ರಾಕೆಟ್ಟಿನ ಗುರುತೂ ಸುಳ್ಳು ಹೇಳುತ್ತದೆ. ಎಲ್‌ಎನ್‌ಬಿಯನ್ನು ಅದರ ಹಿಡಿಕೆಯೊಳಗೇ ಸ್ವಲ್ಪ ಸ್ವಲ್ಪ ತಿರುವಿ, ಬಾಕ್ಸಿನ ‘ಕ್ವಾಲಿಟಿ’ ಪಟ್ಟಿ ಎಲ್ಲಿ ಹೆಚ್ಚು ಬರುತ್ತದೋ ಅಲ್ಲಿ ಬಿಗಿಯಬೇಕು. ‘ಸ್ಟ್ರೆಂತ್’ ಪಟ್ಟಿಯನ್ನು ನಂಬಬೇಡಿ. ಬೇರೆ ಉಪಗ್ರಹಕ್ಕೆ ತಿರುಗಿದ್ದರೂ ಅದು ತುಂಬಿಕೊಂಡೇ ಇರುತ್ತದೆ.

60 ಸೆಂ.ಮೀ. ಡಿಶ್ಶಿನ ದೃಷ್ಟಿಯ ಅಗಲ ಈ ತರಂಗಕ್ಕೆ ಸುಮಾರು 3 ಡಿಗ್ರಿ. ನಡುವಿನಿಂದ ಒಂದೂವರೆ ಡಿಗ್ರಿ ಸರಿದರೆ ಸಿಗುವ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ಈ ಅರ್ಧದಲ್ಲೂ ಚಿತ್ರ ಚೆನ್ನಾಗಿಯೇ ಬರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಜೂನ್‌ನಲ್ಲಿ ಮೊದಲ ದೊಡ್ಡ ಮಳೆ ಬಂದಾಗ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತದೆ. ಈ ಡಿಶ್ಶಿಗೆ ಬರುವ ಕೆಯು ಬ್ಯಾಂಡ್ ಎಂಬ ತರಂಗವನ್ನು ಮಳೆಹನಿಗಳು ಹೀರುತ್ತವೆ. ವರ್ಷಕ್ಕೆ ಮೂರು ಸಾವಿರ ಮಿ.ಮೀ. ಆಸುಪಾಸು ಮಳೆ ಸುರಿಯುವ ಕರಾವಳಿಯಲ್ಲಿ ಇದನ್ನು ಪೂರ್ತಿ ತಪ್ಪಿಸಲು ಬರುವುದಿಲ್ಲ. ಮೇ ತಿಂಗಳಲ್ಲೇ ಒಮ್ಮೆ ಸರಿಯಾಗಿ ಕೂರಿಸಿಟ್ಟರೆ ಗಂಟೆಗಟ್ಟಲೆ ಹೋಗುವ ಚಿತ್ರ ಹತ್ತಿಪ್ಪತ್ತು ನಿಮಿಷದಲ್ಲಿ ಮರಳುತ್ತದೆ.

ತೋಟದ ಮನೆಯವರಿಗೆ ಮರಗಳ ಚಿಂತೆ. ಉಪಗ್ರಹ ಇಷ್ಟು ಎತ್ತರದಲ್ಲಿರುವುದು ಇಲ್ಲಿ ಅನುಕೂಲ. ಡಿಶ್ಶಿಗಿಂತ 15 ಮೀಟರ್ ಎತ್ತರದ ಅಡಿಕೆ ಮರ ಆಗ್ನೇಯ ದಿಕ್ಕಿನಲ್ಲಿ 8 ಮೀಟರಿಗಿಂತ ಹತ್ತಿರವಿದ್ದರೆ ಮಾತ್ರ ಅಡ್ಡ ಬರುತ್ತದೆ. ಹೆಡೆ ತೂಗಾಡುವುದನ್ನು ಲೆಕ್ಕ ಹಿಡಿದು 10 ಮೀಟರ್ ಬಿಟ್ಟರೆ ನಿಶ್ಚಿಂತೆ. ಹಂಚಿನ ಮಾಡಿಗೆ ಡಿಶ್ ಬಿಗಿಯಬೇಡಿ. ಚಿರೆಕಲ್ಲಿನ ಗೋಡೆಗೆ ಬಿಗಿಯುವುದಾದರೆ ಪ್ಲಾಸ್ಟಿಕ್ ಪ್ಲಗ್ಗು ಎರಡು ಮಳೆಗೆ ಸಡಿಲಾಗುತ್ತದೆ, ಆರುಪಾರು ಹೋಗುವ ಬೋಲ್ಟೇ ಬೇಕು. ಎಲ್ಲಕ್ಕಿಂತ ಸರಳವೆಂದರೆ ಅಂಗಳದ ಮೂಲೆಯಲ್ಲಿ ಕಾಂಕ್ರೀಟ್ ಹಾಕಿ ಕಂಬ ನೆಡುವುದು. ಕಡಲಂಚಿನಲ್ಲಿ ಉಪ್ಪುಗಾಳಿ ಮೊದಲು ತಿನ್ನುವುದು ಕೇಬಲ್ಲಿನ ತುದಿಯ ಎಫ್-ಕನೆಕ್ಟರನ್ನು. ಅದರ ಮೇಲೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಸುತ್ತಿ, ಕೇಬಲ್ಲನ್ನು ಮನೆಯೊಳಗೆ ಬಿಡುವ ಮೊದಲು ಕೆಳಗಡೆ ಒಂದು ಜೋಲು ಕೊಡಿ. ನೀರು ಕೇಬಲ್ ಹಿಡಿದುಕೊಂಡು ಬಾಕ್ಸಿನವರೆಗೆ ಬರದೆ ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಇಷ್ಟಾಗಿಯೂ ಚಂದನ ಇದ್ದ ಜಾಗದಲ್ಲಿ ಇಲ್ಲವಾದರೆ ಬಾಕ್ಸಿನಲ್ಲಿ ‘ಆಟೋ ಸ್ಕ್ಯಾನ್’ ಕೊಡಿ. ಫ್ರೀ ಡಿಶ್‌ನ ಖಾಸಗಿ ಚಾನೆಲ್ ಸ್ಲಾಟುಗಳು ಹರಾಜಾಗಿ ಏಪ್ರಿಲ್ 1ರಿಂದ ಹೊಸ ಪಟ್ಟಿ ಶುರುವಾಗುತ್ತದೆ, ಆಗ ಜಾಗಗಳು ಅದಲುಬದಲಾಗುತ್ತವೆ. ಚಿತ್ರವನ್ನು ಕುಗ್ಗಿಸಿ ಕಳಿಸುವ ಹಳೆಯ ಬಗೆ ಎಂಪೆಗ್-2, ಹೊಸ ಬಗೆ ಎಂಪೆಗ್-4. ಹಳೆಯ ಎಂಪೆಗ್-2 ಬಾಕ್ಸಿನಲ್ಲಿ ಎಂಪೆಗ್-4 ಚಾನೆಲ್‌ಗಳು ಎಷ್ಟು ಹುಡುಕಿದರೂ ಬರುವುದಿಲ್ಲ ಎಂಬುದೂ ಗೊತ್ತಿರಲಿ.

ವೇಳೆ ಏಕೆ ಜಾರುತ್ತದೆ

ಚಾನೆಲ್ಲಿನ ಒಳಗೆ ವೇಳಾಪಟ್ಟಿಗೆ ಫಿಕ್ಸ್ಡ್ ಪಾಯಿಂಟ್ ಚಾರ್ಟ್ ಎನ್ನುತ್ತಾರೆ. ವಾರದ ಯಾವ ದಿನ, ಎಷ್ಟು ಗಂಟೆಗೆ ಯಾವ ಬಗೆಯ ಕಾರ್ಯಕ್ರಮ ಎಂಬ ಚೌಕಟ್ಟು ಅದು. ಸಾಕ್ಷ್ಯಚಿತ್ರ ಆ ಚೌಕಟ್ಟಿನ ಒಂದು ಖಾನೆಯಲ್ಲಿ ಕೂರುತ್ತದೆ. ನೇರಪ್ರಸಾರ, ವಿಶೇಷ ಸುದ್ದಿ, ಗಣ್ಯರ ಭಾಷಣ ಬಂದರೆ ಮೊದಲು ಜಾಗ ಬಿಡುವುದು ಇಂಥ ಖಾನೆಯೇ. ಅದಕ್ಕೆ ಜಾಹೀರಾತಿನ ಒತ್ತಡ ಕಡಿಮೆ, ಮರುವಾರ ಹಾಕಿದರೂ ಹಳಸುವುದಿಲ್ಲ. ನಿರ್ಮಾಪಕರು ಹೇಳಿದ ದಿನಾಂಕವನ್ನು ಖಚಿತವೆಂದು ಹಿಡಿಯದೆ, ಹಿಂದಿನ ದಿನ ಸಂಜೆ ಚಾನೆಲ್ಲಿನಲ್ಲೇ ಬರುವ ಪ್ರೋಮೋ ನೋಡಿಕೊಳ್ಳುವುದು ಒಳ್ಳೆಯದು. ಮರುಪ್ರಸಾರ ಇದೆಯೇ ಎಂದೂ ವಿಚಾರಿಸಿ. ಸಂಜೆ ಹಾಲು ಕರೆಯುವ ಹೊತ್ತಿಗೆ ತಪ್ಪಿದ್ದು ಬೆಳಿಗ್ಗೆ ಸಿಕ್ಕೀತು.

ದಪ್ಪ ಫೈಲು

ಸಾಕ್ಷ್ಯಚಿತ್ರ ಚಾನೆಲ್ ತಲುಪುವ ದಾರಿಗಳು ಹಲವು. ಕೇಂದ್ರದ ಸಿಬ್ಬಂದಿಯೇ ಮಾಡುವುದು ಒಂದು. ಹೊರಗಿನ ನಿರ್ಮಾಪಕರಿಗೆ ಹಣ ಕೊಟ್ಟು ಮಾಡಿಸುವುದು ಇನ್ನೊಂದು. ಇದರಲ್ಲಿ ಚಿತ್ರದ ಹಕ್ಕು ಸಾಮಾನ್ಯವಾಗಿ ಚಾನೆಲ್ಲಿಗೆ ಹೋಗುತ್ತದೆ. ಪ್ರಾಯೋಜಕರನ್ನು ತಂದು, ಜಾಹೀರಾತು ಸಮಯದ ಲೆಕ್ಕದಲ್ಲಿ ನಡೆಸುವುದು ಮೂರನೆಯದು. ಮುಗಿದ ಚಿತ್ರದ ಪ್ರಸಾರದ ಹಕ್ಕನ್ನಷ್ಟೇ ಇಷ್ಟು ವರ್ಷಕ್ಕೆ, ಇಷ್ಟು ಸಲಕ್ಕೆ ಎಂದು ಕೊಳ್ಳುವುದು ನಾಲ್ಕನೆಯದು. 2000ದಲ್ಲಿ ಶುರುವಾದ ಪಬ್ಲಿಕ್ ಸರ್ವಿಸ್ ಬ್ರಾಡ್‌ಕಾಸ್ಟಿಂಗ್ ಟ್ರಸ್ಟ್ ದೂರದರ್ಶನದ ಜೊತೆ ಸೇರಿ ನೂರಾರು ಸ್ವತಂತ್ರ ಸಾಕ್ಷ್ಯಚಿತ್ರಗಳನ್ನು ಮಾಡಿಸಿತು. ಸಣ್ಣ ಊರಿನ ನಿರ್ಮಾಪಕರಿಗೆ ರಾಷ್ಟ್ರೀಯ ಚಾನೆಲ್ಲಿನ ಬಾಗಿಲು ತೆರೆದ ಪ್ರಯತ್ನಗಳಲ್ಲಿ ಅದು ದೊಡ್ಡದು.

ಯಾವ ದಾರಿಯಿಂದ ಬಂದರೂ ಚಿತ್ರದ ಜೊತೆ ಕಾಗದಪತ್ರ ಹೋಗಬೇಕು. ಪ್ರಸಾರಕ್ಕೆ ಮುನ್ನ ಒಂದು ಸಮಿತಿ ಕೂತು ನೋಡುತ್ತದೆ. ಅದರ ತಕರಾರು ಕೆಲವೊಮ್ಮೆ ವಿಷಯದ ಮೇಲೇ ಇರುತ್ತದೆ. ಆನಂದ್ ಪಟವರ್ಧನ್ ಅವರ ಸಾಕ್ಷ್ಯಚಿತ್ರವೊಂದನ್ನು ಪ್ರಸಾರ ಮಾಡಲು ದೂರದರ್ಶನ ಒಪ್ಪದೆ, ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 2006ರಲ್ಲಿ ಪ್ರಸಾರ ಮಾಡಬೇಕೆಂದು ಆದೇಶ ಬಂದದ್ದುಂಟು. ಆದರೆ ಜಿಲ್ಲೆಯ ಮಟ್ಟದ ಚಿತ್ರಗಳು ನಿಂತುಹೋಗುವುದು ಇಂಥ ದೊಡ್ಡ ಕಾರಣಕ್ಕಲ್ಲ. ಹಿನ್ನೆಲೆಯಲ್ಲಿ ಕೇಳುವ ಒಂದು ಸಿನಿಮಾ ಹಾಡಿಗೆ ಸಿಕ್ಕಿಹಾಕಿಕೊಳ್ಳುತ್ತವೆ.

ಜಾತ್ರೆಯ ದೃಶ್ಯವನ್ನೇ ತೆಗೆದುಕೊಳ್ಳಿ. ತೊಟ್ಟಿಲು ತಿರುಗುತ್ತಿದೆ, ಅದರ ಮೈಕಿನಲ್ಲಿ ಹಾಡು ಹೊಡೆಯುತ್ತಿದೆ, ಮುಂದೆ ನಿಂತವರು ಮಾತಾಡುತ್ತಿದ್ದಾರೆ. ಮಾತು ಬೇಕು, ಹಾಡು ಬೇಡ. ಎರಡೂ ಒಂದೇ ಟ್ರ್ಯಾಕಿನಲ್ಲಿ ಬೆರೆತುಹೋಗಿವೆ. ಹಾಡಿನ ಹಕ್ಕು ಕಂಪನಿಯದ್ದು. ಅನುಮತಿಪತ್ರ ಇಲ್ಲದಿದ್ದರೆ ಆ ತುಣುಕನ್ನೇ ಕತ್ತರಿಸಬೇಕು. ಆದ್ದರಿಂದಲೇ ಅನುಭವಿಗಳು ಅದೇ ಮಾತನ್ನು ಜಾತ್ರೆಯ ಗದ್ದಲದಿಂದ ಇನ್ನೂರು ಹೆಜ್ಜೆ ಈಚೆ ಕರೆತಂದು ಮತ್ತೊಮ್ಮೆ ಆಡಿಸಿಕೊಳ್ಳುತ್ತಾರೆ.

ಸಂಗೀತದ ಪಟ್ಟಿಗೆ ಕ್ಯೂ ಶೀಟ್ ಎಂದು ಹೆಸರು. ಚಿತ್ರದ ಯಾವ ನಿಮಿಷ, ಯಾವ ಸೆಕೆಂಡಿನಿಂದ ಯಾವ ಸೆಕೆಂಡಿನವರೆಗೆ ಯಾವ ಹಾಡು, ರಚನೆ ಯಾರದ್ದು, ಹಾಡಿದವರು ಯಾರು, ಅನುಮತಿ ಎಲ್ಲಿಂದ ಎಂದು ಸಾಲುಸಾಲಾಗಿ ಬರೆಯಬೇಕು. ಜಾನಪದ ಹಾಡಿಗೆ ಯಾರ ಅನುಮತಿಯೂ ಬೇಡ ಎಂದುಕೊಳ್ಳುವುದು ಅರ್ಧ ತಿಳಿವಳಿಕೆ. ಹಾಲಕ್ಕಿ ಸಮುದಾಯದ ಹಳೆಯ ಹಾಡಿಗೆ ಒಬ್ಬ ಕರ್ತೃ ಇಲ್ಲದಿರಬಹುದು. ಆದರೆ ಅದನ್ನು ಹಾಡಿದವರಿಗೆ ತಮ್ಮ ಗಾಯನದ ಮೇಲೆ ಕೃತಿಸ್ವಾಮ್ಯ ಕಾಯ್ದೆಯ 38ನೇ ಕಲಮಿನ ಪ್ರಕಾರ ಪ್ರದರ್ಶಕರ ಹಕ್ಕು ಇದೆ, ಅದು 50 ವರ್ಷ ಇರುತ್ತದೆ. ಯಕ್ಷಗಾನದಲ್ಲಿ ಇದು ಇನ್ನೂ ಸಿಕ್ಕು. ಹಳೆಯ ಪ್ರಸಂಗದ ಪದ್ಯಕ್ಕೆ ಸ್ವಾಮ್ಯ ಮುಗಿದಿರುತ್ತದೆ, ಈಚೆಗೆ ಬರೆದ ಪ್ರಸಂಗಕ್ಕೆ ಕವಿ ತೀರಿದ ಮೇಲೂ 60 ವರ್ಷ ಇರುತ್ತದೆ. ಭಾಗವತರು, ವೇಷಧಾರಿಗಳ ಒಪ್ಪಿಗೆ ಎರಡಕ್ಕೂ ಬೇಕು. ಮೇಳದ ಯಜಮಾನರ ಒಂದು ಪತ್ರದಲ್ಲಿ ಎಲ್ಲ ಮುಗಿಯಿತು ಎಂದು ಹಲವರು ಬಗೆಯುತ್ತಾರೆ. ಮುಗಿಯುವುದಿಲ್ಲ.

ಫೈಲಿನಲ್ಲಿ ಉಳಿದವು ಜಾಗದ ಅನುಮತಿಗಳು, ಮತ್ತು ಉತ್ತರ ಕನ್ನಡದಲ್ಲಿ ಇವು ಬೇರೆ ಜಿಲ್ಲೆಗಳಿಗಿಂತ ಹೆಚ್ಚು. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಚಿತ್ರೀಕರಣಕ್ಕೆ 1972ರ ವನ್ಯಜೀವಿ ಕಾಯ್ದೆಯ 28ನೇ ಕಲಮಿನಡಿ ಮುಖ್ಯ ವನ್ಯಜೀವಿ ಪರಿಪಾಲಕರ ಪರವಾನಗಿ ಬೇಕು. ಸ್ಥಳೀಯ ರೇಂಜರ್ ಬಾಯಿಮಾತಿನಲ್ಲಿ ಒಪ್ಪಿದರೆ ಗೇಟು ದಾಟಬಹುದು, ಫೈಲು ದಾಟುವುದಿಲ್ಲ. ಬನವಾಸಿಯ ಮಧುಕೇಶ್ವರ ದೇವಸ್ಥಾನದಂಥ ಸಂರಕ್ಷಿತ ಸ್ಮಾರಕಕ್ಕೆ ಪುರಾತತ್ವ ಇಲಾಖೆಯ ಅನುಮತಿ, ದೇವಸ್ಥಾನದ ಆಡಳಿತದ ಒಪ್ಪಿಗೆ, ಎರಡೂ. ಕಾರವಾರದಲ್ಲಿ ನೌಕಾನೆಲೆ ಇರುವುದರಿಂದ ಕಡಲತೀರದ ಅಗಲವಾದ ಶಾಟಿನ ಮೂಲೆಯಲ್ಲಿ ಏನು ಸೇರಿಕೊಂಡಿದೆ ಎಂಬುದನ್ನು ತೆಗೆಯುವಾಗಲೇ ನೋಡಿಕೊಳ್ಳಬೇಕು.

ಡ್ರೋನ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಒಳಗಿನದ್ದು ನ್ಯಾನೋ, ಅಲ್ಲಿಂದ 2 ಕಿಲೋವರೆಗೆ ಮೈಕ್ರೋ. ಮೈಕ್ರೋ ಡ್ರೋನನ್ನು ವ್ಯಾಪಾರಿ ಉದ್ದೇಶಕ್ಕೆ ಹಾರಿಸಲು ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು. ಟಿವಿಗಾಗಿ ಸಂಬಳಕ್ಕೆ ಹಾರಿಸುವುದು ಅದೇ ಲೆಕ್ಕ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ಆಕಾಶವನ್ನು ಬಣ್ಣದ ವಲಯಗಳಾಗಿ ಗುರುತಿಸುತ್ತದೆ. ಹಸಿರು ವಲಯದಲ್ಲಿ 400 ಅಡಿವರೆಗೆ ಬೇರೆ ಅನುಮತಿ ಬೇಡ, ಹಳದಿಯಲ್ಲಿ ಬೇಕು, ಕೆಂಪಿನಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಎತ್ತಲೇಬಾರದು. ಗ್ರಾಂ ಕಡಿಮೆ ಇದೆ ಎಂದು ಕೆಂಪು ವಲಯ ಹಸಿರಾಗುವುದಿಲ್ಲ. ಡಿಜಿಟಲ್ ಸ್ಕೈ ನಕ್ಷೆಯನ್ನು ಹಾರಿಸುವ ದಿನ ಬೆಳಿಗ್ಗೆ ಮತ್ತೆ ನೋಡಿ, ಆ ಪರದೆಯ ಚಿತ್ರವನ್ನು ಫೈಲಿಗೆ ಸೇರಿಸಿಡುವುದು ಬುದ್ಧಿವಂತಿಕೆ. ಇನ್ನೊಂದು ಸಣ್ಣ ವಿಷಯ: ಚಿತ್ರದಲ್ಲಿ ಭಾರತದ ನಕ್ಷೆ ಬಂದರೆ ಗಡಿ ಸರ್ವೆ ಆಫ್ ಇಂಡಿಯಾ ತೋರಿಸಿದಂತೆಯೇ ಇರಬೇಕು. ಇಂಟರ್ನೆಟ್ಟಿನಿಂದ ಇಳಿಸಿದ ನಕ್ಷೆಯಿಂದ ಇಡೀ ಚಿತ್ರ ವಾಪಸಾಗಬಹುದು.

ತಾಂತ್ರಿಕ ಪರೀಕ್ಷೆ, ಮುಖ್ಯವಾಗಿ ದನಿ

ಅರ್ಧ ಗಂಟೆಯ ಸ್ಲಾಟಿಗೆ 30 ನಿಮಿಷದ ಚಿತ್ರ ಹಿಡಿಯುವುದಿಲ್ಲ. ಪ್ರೋಮೋ, ಜಾಹೀರಾತು ಬಿಟ್ಟು ಉಳಿಯುವುದು ಇಪ್ಪತ್ತೈದು ನಿಮಿಷದ ಆಚೀಚೆ. ಸರಿಯಾದ ಸಂಖ್ಯೆ ಒಪ್ಪಂದದಲ್ಲಿ ಇರುತ್ತದೆ, ಅದನ್ನು ಸೆಕೆಂಡಿನವರೆಗೆ ಪಾಲಿಸಬೇಕು. ನಮ್ಮಲ್ಲಿ ಟಿವಿ ಪ್ರಸಾರ ಸೆಕೆಂಡಿಗೆ 25 ಫ್ರೇಮಿನ ಲೆಕ್ಕದ್ದು. ಮೊಬೈಲ್‌ಗಳು ಸಾಮಾನ್ಯವಾಗಿ 30ರಲ್ಲಿ ತೆಗೆಯುತ್ತವೆ, ಅದೂ ಬೆಳಕು ಕಡಿಮೆಯಾದರೆ ತಮ್ಮಷ್ಟಕ್ಕೆ ಏರಿಳಿಸುತ್ತವೆ. ಇಂಥ ತುಣುಕನ್ನು 25ಕ್ಕೆ ತಂದಾಗ ಕ್ಯಾಮೆರಾ ಅಡ್ಡ ತಿರುಗಿದಲ್ಲೆಲ್ಲ ಚಿತ್ರ ಜಿಗಿಯುತ್ತದೆ, ಉದ್ದದ ಮಾತಿನಲ್ಲಿ ತುಟಿ ಒಂದು ಕಡೆ ದನಿ ಒಂದು ಕಡೆ ಆಗುತ್ತದೆ. ಊರಿನವರಿಂದ ಹಳೆಯ ಪ್ರವಾಹದ ಮೊಬೈಲ್ ವಿಡಿಯೋ ಪಡೆದರೆ ಅದನ್ನು ಮೊದಲು ಸ್ಥಿರ ಫ್ರೇಮಿಗೆ ಪರಿವರ್ತಿಸಿಕೊಂಡೇ ಎಡಿಟಿಂಗ್‌ಗೆ ಹಾಕಬೇಕು. ಹೊಸದಾಗಿ ತೆಗೆಯುವುದಾದರೆ 25 ಫ್ರೇಮ್, ಶಟರ್ 1/50. ನಮ್ಮ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಟ್ಯೂಬ್‌ಲೈಟಿನ ಕೆಳಗೆ, ಅಗ್ಗದ ಎಲ್‌ಇಡಿ ಕೆಳಗೆ ಯಕ್ಷಗಾನ ತೆಗೆದಾಗ ಪರದೆಯ ಮೇಲೆ ಪಟ್ಟೆಗಳು ಓಡುವುದು ತಪ್ಪುತ್ತದೆ.

ಚಿತ್ರದ ದೋಷಕ್ಕಿಂತ ದನಿಯ ದೋಷಕ್ಕೆ ಹೆಚ್ಚು ಚಿತ್ರಗಳು ತಿರುಗಿ ಬರುತ್ತವೆ. ಸ್ವಲ್ಪ ಮಸುಕಾದ ಚಿತ್ರವನ್ನು ನೋಡುಗ ಸಹಿಸುತ್ತಾನೆ, ಕೇಳಿಸದ ಮಾತನ್ನು ಸಹಿಸುವುದಿಲ್ಲ. ಕರಾವಳಿಯಲ್ಲಿ ಮೊದಲ ಶತ್ರು ಗಾಳಿ. ಸಾಣಿಕಟ್ಟಾದ ಆಗರದ ಬಯಲಿನಲ್ಲಿ ಮಧ್ಯಾಹ್ನ ಕಡಲಗಾಳಿ ಏಳುತ್ತದೆ. ಮೈಕಿನ ಮೇಲೆ ಬರೀ ಸ್ಪಂಜು ಇದ್ದರೆ ಸಾಲದು, ಕೂದಲಿನ ಹೊದಿಕೆ ಬೇಕು. ರೆಕಾರ್ಡರಿನಲ್ಲಿ 80 ಹರ್ಟ್ಸ್ ಕೆಳಗಿನದನ್ನು ಸೋಸುವ ಗುಂಡಿ ಒತ್ತಬೇಕು. ಮಾತುಕತೆಯನ್ನು ಬೆಳಗಿನ ಹೊತ್ತಿಗೇ ಮುಗಿಸಿಕೊಂಡರೆ ಇನ್ನೂ ಒಳ್ಳೆಯದು. ಅಂಕೋಲಾ, ಕುಮಟಾ ಕಡೆಯ ಹಾಲಕ್ಕಿ ಅಜ್ಜಿಯರನ್ನು ಮಾತಾಡಿಸುವಾಗ ಕಾಲರ್ ಮೈಕ್ ಎದೆಗೆ ಸಿಕ್ಕಿಸಿದರೆ ಕುತ್ತಿಗೆ ತುಂಬ ಇರುವ ಮಣಿಸರಗಳು ಪ್ರತಿ ಉಸಿರಿಗೂ ಕರಕರ ಎನ್ನುತ್ತವೆ, ಆಮೇಲೆ ಯಾವ ಸಾಫ್ಟ್‌ವೇರಿನಿಂದಲೂ ಅದನ್ನು ಬೇರ್ಪಡಿಸಲಾಗದು. ಸರ ತೆಗೆಯಿರಿ ಎಂದು ಕೇಳುವುದು ಸರಿಯಲ್ಲ. ತಲೆಯ ಮೇಲ್ಗಡೆ, ಚೌಕಟ್ಟಿನ ಆಚೆಯಿಂದ ಕೋಲಿನ ಮೈಕ್ ಹಿಡಿಯಬೇಕು. ಘಟ್ಟದ ಮೇಲೆ ಏಪ್ರಿಲ್, ಮೇ ಸಂಜೆಗಳಲ್ಲಿ ಜೀರುಂಡೆಗಳದ್ದೇ ರಾಜ್ಯ. ಅವುಗಳ ಸದ್ದು ಮಾತಿನ ಸ, ಶ, ತ ಅಕ್ಷರಗಳು ಇರುವ ಎತ್ತರದ ಸ್ವರದಲ್ಲೇ ಇರುವುದರಿಂದ ಒಂದನ್ನು ತೆಗೆದರೆ ಇನ್ನೊಂದೂ ಹೋಗುತ್ತದೆ. ಮಾತನ್ನು ಜಗಲಿಯಿಂದ ಒಳಮನೆಗೆ ಒಯ್ಯುವುದೇ ಉಪಾಯ.

ಕಡಲಿನ ಸದ್ದು ಬೇರೆ ಬಗೆಯ ತೊಂದರೆ ಕೊಡುತ್ತದೆ. ಒಂದು ಅಲೆ ದಡಕ್ಕೆ ಬಡಿಯುತ್ತಿರುವಾಗ ಶಾಟ್ ಕತ್ತರಿಸಿ ಮುಂದಿನ ಮಾತಿಗೆ ಹೋದರೆ ಅಲೆ ಅರ್ಧಕ್ಕೆ ತುಂಡಾಗುತ್ತದೆ, ಕಿವಿ ಕೂಡಲೇ ಹಿಡಿಯುತ್ತದೆ. ಮಾತು ಮುಗಿದ ಮೇಲೆ ಯಾರೂ ಅಲುಗಾಡದೆ ಅದೇ ಜಾಗದಲ್ಲಿ ಎರಡು ಮೂರು ನಿಮಿಷ ಬರೀ ಕಡಲನ್ನು ರೆಕಾರ್ಡ್ ಮಾಡಿಕೊಂಡು, ಎಡಿಟಿಂಗ್‌ನಲ್ಲಿ ಅದನ್ನು ಅಡಿಯಲ್ಲಿ ಹಾಸಬೇಕು. ಇದಕ್ಕೆ ತಾಳ್ಮೆ ಇಲ್ಲದ ತಂಡವೇ ಕೊನೆಗೆ ಎಲ್ಲದರ ಮೇಲೂ ಕೊಳಲಿನ ಸಂಗೀತ ಸುರಿಯುವುದು.

ಕೊನೆಯ ಮಿಶ್ರಣ 48 ಕಿಲೋಹರ್ಟ್ಸ್‌ನಲ್ಲಿ ಇರಬೇಕು. ದನಿಯ ಒಟ್ಟು ಮಟ್ಟಕ್ಕೆ ಟಿವಿ ಪ್ರಸಾರದಲ್ಲಿ ಹೆಚ್ಚು ಚಾಲ್ತಿಯಲ್ಲಿರುವ ಒಂದು ಅಳತೆ (ಕಿವಿಗೆ ಕೇಳುವ ಜೋರಿನ ಮಾನ, ಸೊನ್ನೆಗೆ ಹತ್ತಿರವಾದಷ್ಟೂ ಜೋರು) −23 ಎಲ್‌ಯುಎಫ್‌ಎಸ್. ಯೂಟ್ಯೂಬಿಗಾಗಿ ಮಾಡಿದ ಮಿಶ್ರಣ ಇದಕ್ಕಿಂತ ತುಂಬ ಜೋರಾಗಿರುತ್ತದೆ. ಅದನ್ನೇ ಕೊಟ್ಟರೆ ಚಾನೆಲ್ ತಿರಸ್ಕರಿಸುತ್ತದೆ, ಇಲ್ಲವೇ ಯಂತ್ರ ಒತ್ತಿ ಇಳಿಸಿ ಮಾತಿನ ಜೀವ ತೆಗೆಯುತ್ತದೆ.

ಕನ್ನಡ ಅಕ್ಷರದ ತಾಪತ್ರಯವೂ ಸಣ್ಣದಲ್ಲ. ಚಂದನದ ನೋಡುಗರು ಬೀದರದಲ್ಲೂ ಇದ್ದಾರೆ, ಚಾಮರಾಜನಗರದಲ್ಲೂ ಇದ್ದಾರೆ. ಹಾಲಕ್ಕಿ ಕನ್ನಡ, ಹವಿಗನ್ನಡ, ಕೊಂಕಣಿ, ಭಟ್ಕಳದ ನವಾಯತಿ, ಎಲ್ಲಕ್ಕೂ ಅಡಿಬರಹ ಬೇಕಾಗುತ್ತದೆ. ಮಾತಾಡುವವರ ದನಿಯನ್ನು ತಗ್ಗಿಸಿ ಬೆಂಗಳೂರಿನ ನಿರೂಪಕರ ಕಂಠ ಹಾಕುವುದಕ್ಕಿಂತ ಅಡಿಬರಹವೇ ವಾಸಿ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಎಡಿಟಿಂಗ್ ಸಾಫ್ಟ್‌ವೇರಿಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಬರುತ್ತವೆ. ಯುನಿಕೋಡಿಗೆ ಬದಲಿಸಿಕೊಂಡೇ ಹಾಕಬೇಕು. ಯುನಿಕೋಡ್ ಆದರೂ ಸಾಫ್ಟ್‌ವೇರಿನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಆನ್ ಮಾಡದಿದ್ದರೆ ಒತ್ತಕ್ಷರ ಬಿಡಿಯಾಗಿ, ಅರ್ಕಾವತ್ತು ದಿಕ್ಕೆಟ್ಟು ಕೂರುತ್ತದೆ. ಎರಡು ಸಾಲಿನ ಅಡಿಬರಹದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿಸಿಗೆ ತಾಗುತ್ತದೆ, ಆದ್ದರಿಂದ ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷಿಗೆ ಇಡುವುದಕ್ಕಿಂತ ಹೆಚ್ಚು ಇಡಬೇಕು. ಪರದೆಯ ನಾಲ್ಕೂ ಅಂಚಿನಿಂದ ಶೇ 5ರಷ್ಟು ಒಳಗೆ ಇರಲಿ. ಎರಡು ತುಂಬು ಸಾಲು ಓದಲು ಆರು ಸೆಕೆಂಡು ಕೊಡಬೇಕು. ಚಿಕ್ಕ ಸಾಲಾದರೂ ಎರಡು ಸೆಕೆಂಡಿಗಿಂತ ಮೊದಲು ಅಳಿಸಬಾರದು.

ಊರಿನ ಪಂಚಾಂಗ

ತಡಕ್ಕೆ ದೊಡ್ಡ ಕಾರಣ ಇದು. ಉಪ್ಪಿನಾಗರದ ಕೆಲಸ ಕಾಣುವುದು ಬೇಸಿಗೆಯಲ್ಲಿ. ಹಳ್ಳದ ಉಪ್ಪುನೀರು ಕಟ್ಟಿ, ಬಿಸಿಲಿಗೆ ಆರಿ, ಹರಳು ಎಳೆಯುವುದು ಫೆಬ್ರುವರಿಯಿಂದ ಮೇ ಒಳಗೆ. ಮೊದಲ ಮಳೆಗೆ ಎಲ್ಲ ಕರಗಿ ಮುಗಿಯುತ್ತದೆ. ಕಗ್ಗ ಭತ್ತ ಅದಕ್ಕೆ ತಿರುವುಮುರುವು. ಮುಂಗಾರಿನಲ್ಲಿ ಗಜನಿಗೆ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗೆ ಬಿತ್ತನೆ, ಆಳೆತ್ತರಕ್ಕೆ ಬೆಳೆದು ಉಪ್ಪುನೀರು, ನೆರೆ ಎರಡನ್ನೂ ತಾಳಿ, ಅಕ್ಟೋಬರ್ ನವೆಂಬರ್ ಹೊತ್ತಿಗೆ ಕೊಯ್ಲು. ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದ ಮೇಲೆ ಕ್ಯಾಮೆರಾಗಳು ಹೆಚ್ಚಾಗಿವೆ. ಆದರೆ ಅಳಿವೆಯ ಕಥೆಯನ್ನು ಒಂದೇ ಭೇಟಿಯಲ್ಲಿ ಹೇಳಲು ಹೋದ ಚಿತ್ರದಲ್ಲಿ ಉಪ್ಪು ಇದ್ದರೆ ಭತ್ತ ಇರುವುದಿಲ್ಲ, ಭತ್ತ ಇದ್ದರೆ ಉಪ್ಪು ಇರುವುದಿಲ್ಲ. ಎರಡೂ ಬೇಕೆಂದರೆ ಕನಿಷ್ಠ ಮೂರು ಸುತ್ತು, ವರ್ಷದುದ್ದಕ್ಕೂ.

ಯಾಂತ್ರಿಕ ಮೀನುಗಾರಿಕೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬಂದ್. ಬಂದರಿನಲ್ಲಿ ದೋಣಿ ಸಾಲಾಗಿ ನಿಂತ ಚಿತ್ರ ಸಿಗುತ್ತದೆ, ಬಲೆ ಎಳೆಯುವುದು ಸಿಗುವುದಿಲ್ಲ. ಹಾಲಕ್ಕಿ ಸುಗ್ಗಿ ಕುಣಿತ ಹೋಳಿ ಹುಣ್ಣಿಮೆಯ ಸುಮಾರಿಗೆ. ಬಡಗುತಿಟ್ಟಿನ ಮೇಳಗಳ ತಿರುಗಾಟ ನವೆಂಬರ್‌ನಿಂದ ಮೇವರೆಗೆ. ಶಿರಸಿ ಕಡೆ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವುದು ಮಳೆಯ ಹಿಂದುಮುಂದು, ಕೊನೆಗೌಡರು ಮರ ಹತ್ತಿ ಕೊನೆ ಇಳಿಸುವುದು ನವೆಂಬರ್ ಆಮೇಲೆ. ಮಾರಿಕಾಂಬಾ ಜಾತ್ರೆಯಂತೂ ಎರಡು ವರ್ಷಕ್ಕೊಮ್ಮೆ. ರಥ ಎಳೆಯುವ ಹೊತ್ತಿಗೆ ಮೈಕಿನ ಬ್ಯಾಟರಿ ಮುಗಿದಿದ್ದರೆ ಮತ್ತೆ ಎರಡು ವರ್ಷ ಕಾಯಬೇಕು. ಬ್ಯಾಟರಿಯಂಥ ಜುಜುಬಿ ವಸ್ತುವನ್ನು ಜೋಡಿ ಜೋಡಿ ಇಟ್ಟುಕೊಳ್ಳುವುದು ಇದಕ್ಕೇ.

ತೇವ ಇನ್ನೊಂದು ತಲೆನೋವು. ಎಸಿ ಕಾರಿನಿಂದ ಇಳಿದ ಕೂಡಲೇ ಕ್ಯಾಮೆರಾ ತೆಗೆದರೆ ಲೆನ್ಸಿನ ಮೇಲೆ ಮಂಜು ಕೂರುತ್ತದೆ. ಚೀಲದ ಬಾಯಿ ಮುಚ್ಚಿಯೇ ಅರ್ಧ ಗಂಟೆ ಹೊರಗಿಟ್ಟು ತೆಗೆಯಬೇಕು. ಮಳೆಗಾಲದಲ್ಲಿ ಲೆನ್ಸುಗಳನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬದಲ್ಲಿ, ತೇವಾಂಶ ಶೇ 40ರಿಂದ 50ರ ನಡುವೆ ಇಟ್ಟರೆ ಬೂಸಲು ಹಿಡಿಯುವುದಿಲ್ಲ. ಕಡಲ ತುಂತುರು ಬಿದ್ದ ಗಾಜನ್ನು ಒಣ ಬಟ್ಟೆಯಲ್ಲಿ ಉಜ್ಜಿದರೆ ಉಪ್ಪಿನ ಹರಳು ಗೀರು ಹಾಕುತ್ತದೆ. ಸಿಹಿನೀರಿನಲ್ಲಿ ತುಸು ಒದ್ದೆ ಮಾಡಿದ ಬಟ್ಟೆ ಮೊದಲು, ಒಣ ಬಟ್ಟೆ ಆಮೇಲೆ.

ಇಪ್ಪತ್ತೈದು ನಿಮಿಷದ ಚಿತ್ರಕ್ಕೆ ಇಪ್ಪತ್ತು ಗಂಟೆ ತೆಗೆಯುವುದು ದೊಡ್ಡ ಮಾತೇನಲ್ಲ. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ಒಂದು ಗಂಟೆಗೆ 45 ಜಿಬಿ, ಇಪ್ಪತ್ತು ಗಂಟೆಗೆ 900 ಜಿಬಿ. ಇದರ ಮೂರು ಪ್ರತಿ ಬೇಕು, ಒಂದು ಬೇರೆ ಊರಿನಲ್ಲಿ. ಒಂದು ಗಂಟೆಯ ಸಂದರ್ಶನವನ್ನು ಅಕ್ಷರಕ್ಕಿಳಿಸಲು ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ಆಡುನುಡಿಯಾದರೆ ಆ ಊರಿನವರೇ ಪಕ್ಕದಲ್ಲಿ ಕೂತು ಬಿಡಿಸಿ ಹೇಳಬೇಕು.

ನಿಮ್ಮ ಅಂಗಳಕ್ಕೆ ಕ್ಯಾಮೆರಾ ಬಂದರೆ

ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮೊದಲು ಅದು ಕನ್ನಡದಲ್ಲಿದೆಯೇ ನೋಡಿ. ಇಂಗ್ಲಿಷಿನಲ್ಲಿದ್ದರೆ ಓದಿ ಹೇಳಿಸಿಕೊಂಡು, ಹೇಳಿದ್ದನ್ನು ಅವರ ಕ್ಯಾಮೆರಾದಲ್ಲೇ ದಾಖಲಿಸಲು ಹೇಳಿ. ಚಿತ್ರ ಟಿವಿಗೆ ಮಾತ್ರವೋ, ಇಂಟರ್ನೆಟ್ಟಿಗೂ ಹೋಗುತ್ತದೋ? ಎಷ್ಟು ವರ್ಷ? ತೆಗೆದದ್ದನ್ನು ಬೇರೆ ಜಾಹೀರಾತಿಗೆ ಮಾರುವ ಹಕ್ಕು ಅದರಲ್ಲಿ ಸೇರಿದೆಯೇ? ನಾಟಿ ಔಷಧದ ಗಿಡ, ಬಿತ್ತನೆ ಬೀಜ ತೋರಿಸುವುದಾದರೆ ಗಿಡ ಇರುವ ಜಾಗದ ಗುರುತು ಪರದೆಯ ಮೇಲೆ ಬರಬಾರದೆಂದು ಬರೆಸಬಹುದು. ಹಾಡಿದವರಿಗೆ, ಕುಣಿದವರಿಗೆ ಸಂಭಾವನೆ ಎಷ್ಟು ಎಂಬುದನ್ನು ಆ ದಿನವೇ ಮಾತಾಡಿ. ಪ್ರಸಾರವಾದ ಮೇಲೆ ಕೇಳಿದರೆ ಯಾರೂ ಸಿಗುವುದಿಲ್ಲ. ಹೆಸರುಗಳ ಕಾಗುಣಿತ ಬರೆದುಕೊಡಿ: ಅಡ್ಡಹೆಸರು, ಊರು, ಕೇರಿ ಎಲ್ಲ. ಗೌಡ ಗೌಡ್ರಾಗುವುದು, ಮಾದನಗೇರಿ ಮದನಗಿರಿಯಾಗುವುದು ಬಹುಪಾಲು ಈ ಚೀಟಿ ಇಲ್ಲದ್ದರಿಂದ.

ಮುಗಿದ ಚಿತ್ರದ ಒಂದು ಪ್ರತಿ ಊರಿನ ಶಾಲೆಗೋ ಗ್ರಂಥಾಲಯಕ್ಕೋ ಕೊಡಬೇಕೆಂಬ ಸಾಲು ಸೇರಿಸಲು ಕೇಳಿ. ಹಕ್ಕು ಚಾನೆಲ್ಲಿನದ್ದಾದರೆ ನಿರ್ಮಾಪಕರು ತಮ್ಮ ಒಪ್ಪಂದದಲ್ಲಿ ಮೊದಲೇ ಈ ಅವಕಾಶ ಇಟ್ಟುಕೊಳ್ಳಬೇಕಾಗುತ್ತದೆ, ಅದಕ್ಕೇ ಶೂಟಿಂಗಿಗೆ ಮುಂಚೆ ಕೇಳುವುದು. ಸೆಕೆಂಡಿಗೆ 10 ಮೆಗಾಬಿಟ್‌ನಲ್ಲಿ ಇಪ್ಪತ್ತೈದು ನಿಮಿಷದ ಚಿತ್ರ 2 ಜಿಬಿ ಕೂಡ ಆಗುವುದಿಲ್ಲ. ಪೇಟೆಯಲ್ಲಿ ಸಿಗುವ ಅತಿ ಅಗ್ಗದ ಪೆನ್‌ಡ್ರೈವಿನಲ್ಲೂ ಹಿಡಿಯುತ್ತದೆ.